ಒಟ್ಟೋಮನ್ ಗುಮ್ಮಟ ಹಾಗಿಯಾ ಸೋಫಿಯಾದ ನಕಲೇ?

ಪ್ರಶ್ನೆ: ಮಸೀದಿಗೆ ಗುಮ್ಮಟ ಕಟ್ಟುವುದನ್ನು ಒಟ್ಟೋಮನ್ನರು ಇಸ್ತಾಂಬುಲಿನ ಹಳೆಯ ಚರ್ಚು ಹಾಗಿಯಾ ಸೋಫಿಯಾವನ್ನು ನೋಡಿ ಕಲಿತರು ಎನ್ನುತ್ತಾರೆ, ನಿಜವೇ?

ಉತ್ತರ: ಎಷ್ಟು ಬಾರಿ ಉತ್ತರಿಸಿದರೂ ಈ ಪ್ರಶ್ನೆ ಮರಳಿ ಬರುತ್ತಲೇ ಇರುವುದರಿಂದ, ಈ ಸಲ ಇಸ್ತಾಂಬುಲಿನ ಭವ್ಯ ಮಸೀದಿಗಳನ್ನು ಬದಿಗಿಟ್ಟು, ಟರ್ಕಿಯ ಇಜ್ನಿಕ್ ಪಟ್ಟಣದ ಪುಟ್ಟ ಹಾಜಿ ಓಜ್ಬೆಕ್ ಮಸೀದಿಯನ್ನೇ ಮುಂದಿಡುತ್ತೇನೆ. ಒಟ್ಟೋಮನ್ ದೊರೆ ಓರ್ಹಾನ್ ಈ ಪಟ್ಟಣವನ್ನು ಗೆದ್ದದ್ದು 1331ರಲ್ಲಿ. ಮಸೀದಿಯ ಶಾಸನದಲ್ಲಿರುವ ವರ್ಷ ಹಿಜರಿ 734, ಅಂದರೆ 1333–34. ಕಾಲವನ್ನು ನಮೂದಿಸಿದ ಶಾಸನವುಳ್ಳ ಒಟ್ಟೋಮನ್ ಮಸೀದಿಗಳಲ್ಲಿ ಇದೇ ಅತ್ಯಂತ ಹಳೆಯದು. ಕಾನ್‌ಸ್ಟಾಂಟಿನೋಪಲ್, ಅಂದರೆ ಇಂದಿನ ಇಸ್ತಾಂಬುಲ್, ಒಟ್ಟೋಮನ್ನರ ಕೈಸೇರಿದ್ದು 1453ರಲ್ಲಿ. ನಗರವನ್ನು ಗೆಲ್ಲುವುದಕ್ಕೆ ಸುಮಾರು 120 ವರ್ಷ ಮೊದಲೇ ಇಲ್ಲಿ ಗುಮ್ಮಟ ಎದ್ದು ನಿಂತಿತ್ತು.

ಗೆಲ್ಲುವ ಮೊದಲೇ ಹೋಗಿ ನೋಡಿರಬಾರದೇಕೆ ಎಂದು ವಾದಿಸುವವರು ಕಟ್ಟಡದ ಒಳಗೆ ತಲೆಯೆತ್ತಿ ನೋಡಬೇಕು. ಚೌಕದ ಮೇಲೆ ವೃತ್ತವನ್ನು ಕೂರಿಸುವುದೇ ಗುಮ್ಮಟದ ಮೂಲ ಸಮಸ್ಯೆ. ಹಾಗಿಯಾ ಸೋಫಿಯಾದಲ್ಲಿ ನಾಲ್ಕು ಕಮಾನುಗಳ ನಡುವಿನ ಮೂಲೆಗಳಿಂದ ಬಾಗಿ ಮೇಲೇರುವ, ಗೋಳದ ತುಣುಕುಗಳಂಥ ನಾಲ್ಕು ಮೈಗಳು ಆ ಕೆಲಸ ಮಾಡುತ್ತವೆ. ಇಜ್ನಿಕ್ಕಿನ ಮಸೀದಿಯಲ್ಲಿ ಅವು ಇಲ್ಲ. ಎಂಟು ಮೀಟರಿನಷ್ಟು ಅಗಲದ ಒಂದೇ ಕೋಣೆಯ ನಾಲ್ಕು ಗೋಡೆಗಳ ಮೇಲೆ, ಮಡಿಕೆ ಮಡಿಕೆಯಾಗಿ ಜೋಡಿಸಿದ ಚಪ್ಪಟೆ ತ್ರಿಕೋನಗಳ ಪಟ್ಟಿಯೊಂದು ಸುತ್ತುವರಿದು ಗುಮ್ಮಟವನ್ನು ಹೊತ್ತಿದೆ. ತ್ರಿಕೋನಗಳನ್ನು ಬಳಸುವ ಈ ಕ್ರಮ, ಒಟ್ಟೋಮನ್ನರಿಗೂ ಮೊದಲು ಅನಾಟೋಲಿಯಾವನ್ನು (ಇಂದಿನ ಟರ್ಕಿಯ ಏಷ್ಯಾ ಭಾಗ) ಆಳಿದ ಸೆಲ್ಜುಕ್ ತುರ್ಕರ ಪರಂಪರೆಯದು. ಕೊನ್ಯಾದ 1251ರ ಕರಾತಾಯ್ ಮದರಸಾದ ಗುಮ್ಮಟವೂ ತ್ರಿಕೋನಗಳ ಮೇಲೆಯೇ ನಿಂತಿದೆ.

ಹಾಗೆಂದು ಬೈಜಾಂಟಿಯಮ್ಮಿನ, ಅಂದರೆ ಹಾಗಿಯಾ ಸೋಫಿಯಾವನ್ನು ಕಟ್ಟಿದ ಪೂರ್ವ ರೋಮನ್ ಸಾಮ್ರಾಜ್ಯದ, ಋಣವೇ ಇಲ್ಲವೆಂದಲ್ಲ. ಕಲ್ಲಿನ ಸಾಲಿನ ಮೇಲೆ ಇಟ್ಟಿಗೆಯ ಸಾಲುಗಳನ್ನು ಇಟ್ಟು ಕಟ್ಟಿದ ಈ ಗೋಡೆಗಳಲ್ಲಿರುವುದು ಅಪ್ಪಟ ಬೈಜಾಂಟೈನ್ ಪದ್ಧತಿ. ಹಾಗಿಯಾ ಸೋಫಿಯಾದ ಪ್ರಭಾವವೂ ಮುಂದೆ ಬಂದೇ ಬಂತು. ಒಟ್ಟೋಮನ್ ವಾಸ್ತುಶಿಲ್ಪಿ ಸಿನಾನ್ 1557ರಲ್ಲಿ ಮುಗಿಸಿದ, ಇಸ್ತಾಂಬುಲಿನ ಸುಲೇಮಾನಿಯೆ ಮಸೀದಿಯ ಅರೆಗುಮ್ಮಟಗಳಲ್ಲಿ ಅದು ನಿಚ್ಚಳವಾಗಿದೆ.

ಯಾರೂ ಕೇಳದಿದ್ದರೂ ಹಾಜಿ ಓಜ್ಬೆಕ್ ಮಸೀದಿಯ ಬಾಗಿಲ ಮುಂದಿದ್ದ ಮೊಗಸಾಲೆಯ ಬಗ್ಗೆ ಹೇಳಲೇಬೇಕು. ಒಟ್ಟೋಮನ್ ಮಸೀದಿಯ ಮೊಗಸಾಲೆ ಸಾಮಾನ್ಯವಾಗಿ ಮಿಹ್ರಾಬಿಗೆ (ಪ್ರಾರ್ಥನೆಯ ದಿಕ್ಕನ್ನು ತೋರಿಸುವ ಗೋಡೆಯ ಗೂಡಿಗೆ) ಎದುರಾಗಿರುತ್ತದೆ. ಇಲ್ಲಿ ಅದು ಪಕ್ಕದಲ್ಲಿ, ಪಶ್ಚಿಮಕ್ಕೆ ಇತ್ತು. ಮೂರು ಅಂಕಣಗಳ ಆ ಮೊಗಸಾಲೆಯನ್ನು ರಸ್ತೆ ಅಗಲಿಸಲೆಂದು ಇಪ್ಪತ್ತನೆಯ ಶತಮಾನದಲ್ಲಿ ಕೆಡವಿದರು. ಈಗಿನ ಚಿತ್ರಗಳಷ್ಟನ್ನೇ ನೋಡಿ ಇದನ್ನು ಬರೀ ಚೌಕದ ಪೆಟ್ಟಿಗೆಯೆನ್ನುವವರು, ಆ ನಷ್ಟವನ್ನು ಕಟ್ಟಿದವರ ತಲೆಗೆ ಕಟ್ಟಬಾರದು.