ಅರ್ಧ ವೋಲ್ಟ್ ಎಲ್ಲಿ ಹೋಯಿತು?

ಸಕಲೇಶಪುರದಾಚೆ ತೋಟದ ದಾರಿ ಮುಗಿಯುವಲ್ಲಿ ಜೀಪು ನಿಲ್ಲಿಸಿ ಮಲಗಿದ್ದೆವು. ಬೆಳಗಿನ ಜಾವ ಹಿಂದುಗಡೆಯ ಪುಟ್ಟ ಫ್ರಿಜ್ಜು ಪೀಂ ಪೀಂ ಎನ್ನತೊಡಗಿತು: ವೋಲ್ಟೇಜ್ ಸಾಲುತ್ತಿಲ್ಲ. ಬಾನೆಟ್ ಎತ್ತಿ, ಫ್ರಿಜ್ಜಿಗೆಂದೇ ಇಟ್ಟಿರುವ ಎರಡನೇ ಬ್ಯಾಟರಿಗೆ ಮೀಟರ್ ಹಿಡಿದರೆ 12.3. ಅರ್ಧಕ್ಕಿಂತ ಹೆಚ್ಚೇ ಚಾರ್ಜ್ ಇದೆ. ಹಿಂದಿನ ಸಾಕೆಟ್ಟಿಗೆ ಹಿಡಿದೆ, ಅಲ್ಲೂ 12.3! ಆದರೆ ಫ್ರಿಜ್ಜು ಮತ್ತೆ ಚಾಲೂ ಆದ ಕ್ಷಣ ಮುಳ್ಳು 11.7ಕ್ಕೆ ಕುಸಿಯಿತು. 11.8ಕ್ಕಿಂತ ಇಳಿದರೆ ನಿಲ್ಲುವಂತೆ ಅದಕ್ಕೆ ಸೆಟ್ಟಿಂಗ್ ಇತ್ತು.

ಕಳ್ಳ ವೈರು. ಕರೆಂಟ್ ಹರಿಯದಿದ್ದಾಗ ಅದು ಏನನ್ನೂ ನುಂಗುವುದಿಲ್ಲ. ಹಾಗಾಗಿ ಸುಮ್ಮನೆ ಮೀಟರ್ ಹಿಡಿದರೆ ಸಿಕ್ಕಿಬೀಳುವುದೂ ಇಲ್ಲ.

ಮನೆ ವೈರಿಂಗಿನಲ್ಲಿ ಉಳಿದಿದ್ದ ಒಂದೂವರೆ ಸ್ಕ್ವೇರ್ (ಅಂದರೆ ಒಂದೂವರೆ ಚದರ ಮಿಲಿಮೀಟರ್ ದಪ್ಪದ) ವೈರನ್ನೇ ನಾನು ಎಳೆದಿದ್ದೆ. ಬಾನೆಟ್ಟಿನಿಂದ ಹಿಂಬಾಗಿಲಿಗೆ ಸುತ್ತಿಬಳಸಿ 5 ಮೀಟರ್. ಹೋಗುವುದೂ ಬರುವುದೂ ಸೇರಿ 10. ಅಷ್ಟು ತಾಮ್ರದ ರೋಧ ಸುಮಾರು 0.115 ಓಮ್. 60 ವಾಟಿನ ಫ್ರಿಜ್ಜು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ಎರಡನ್ನೂ ಗುಣಿಸಿ: 0.57 ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಹೋಯಿತು. ಮನೆಯ 230 ವೋಲ್ಟಿನಲ್ಲಿ ಅದೇ 60 ವಾಟಿಗೆ ಕಾಲು ಆಂಪಿಯರ್ ಸಾಕು, ನಷ್ಟ ಲೆಕ್ಕಕ್ಕೇ ಇಲ್ಲ. ಹನ್ನೆರಡು ವೋಲ್ಟಿನ ಸಂಸಾರ ಬಡವರ ಸಂಸಾರ. ಅರ್ಧ ರೂಪಾಯಿ ಕಳೆದರೂ ಒಲೆ ಉರಿಯುವುದಿಲ್ಲ. 6 ಸ್ಕ್ವೇರ್ ವೈರು ಹಾಕಿದರೆ ನಷ್ಟ 0.14ಕ್ಕೆ ಇಳಿಯುತ್ತದೆ.

ದಪ್ಪ ವೈರಿನ ಜೊತೆಗೆ ಫ್ಯೂಸಿನ ಜಾಗವನ್ನೂ ಬದಲಿಸಿದೆ. ಮೊದಲು ಅದನ್ನು ಕೈಗೆ ಸುಲಭವಾಗಿ ಸಿಗಲಿ ಎಂದು ಹಿಂದೆ, ಸಾಕೆಟ್ಟಿನ ಪಕ್ಕ ಕೂರಿಸಿದ್ದೆ. ದಡ್ಡತನ. ಫ್ಯೂಸ್ ಕಾಯುವುದು ಫ್ರಿಜ್ಜನ್ನಲ್ಲ, ವೈರನ್ನು. ಇಂಜಿನ್ ಕೋಣೆಯ ತಗಡಿನ ತೂತಿನಲ್ಲಿ ವೈರು ಉಜ್ಜಿ ಉಜ್ಜಿ ಸಿಪ್ಪೆ ಸುಲಿದು ಜೀಪಿನ ಲೋಹದ ಮೈಗೆ ತಾಗಿದರೆ ನೂರಾರು ಆಂಪಿಯರ್ ನುಗ್ಗುತ್ತದೆ. ಕರೆಂಟ್ ಹತ್ತು ಪಟ್ಟಾದರೆ ಬಿಸಿ ನೂರು ಪಟ್ಟು. ಆಗ ಹಿಂದಿನ ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ಬ್ಯಾಟರಿಯ ಪ್ಲಸ್ಸಿನಿಂದ ಗೇಣುದ್ದದೊಳಗೆ ಅದು ಇರಬೇಕು. ತೂತಿಗೆ ರಬ್ಬರ್ ಬಳೆಯೂ ಬೇಕು.

ಎರಡನೇ ಬ್ಯಾಟರಿಯೇ ಏಕೆ? ಸೆಲ್ಫ್ ಹೊಡೆಯುವ ಬ್ಯಾಟರಿಯೊಳಗೆ ತೆಳು ತಗಡುಗಳು ಬಹಳ. ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುವುದು ಅದರ ಜಾಯಮಾನ. ರಾತ್ರಿಯಿಡೀ ಹಿಂಡಿದರೆ ಬೇಗ ಸಾಯುತ್ತದೆ. ನಿಧಾನ ಹಿಂಡುವಿಕೆಗೆ ದಪ್ಪ ತಗಡಿನ ಡೀಪ್ ಸೈಕಲ್ ಬ್ಯಾಟರಿ ಬೇಕು. ಎರಡರ ನಡುವೆ ನಮ್ಮಲ್ಲಿರುವುದು ವೋಲ್ಟೇಜ್ ನೋಡಿ ಕೂಡಿಸುವ ರಿಲೇ, ಅಂದರೆ ತಾನೇ ಒತ್ತಿಕೊಳ್ಳುವ ಸ್ವಿಚ್ಚು: ಡೈನಮೋ ತಿರುಗಿ 13.3 ದಾಟಿದರೆ ಬ್ಯಾಟರಿಗಳನ್ನು ಬೆಸೆಯುತ್ತದೆ, 12.8ಕ್ಕೆ ಇಳಿದರೆ ಬೇರ್ಪಡಿಸುತ್ತದೆ. ಫ್ರಿಜ್ಜು ಎಷ್ಟೇ ಕುಡಿದರೂ ಬೆಳಿಗ್ಗೆ ಸೆಲ್ಫ್ ಎತ್ತುತ್ತದೆ. ಡೈನಮೋ ವೋಲ್ಟೇಜನ್ನು ತಾವೇ ಏರಿಳಿಸುವ ಹೊಸ ಗಾಡಿಗಳಲ್ಲಿ ಈ ರಿಲೇ ತಬ್ಬಿಬ್ಬಾಗುತ್ತದೆ. ಅಲ್ಲಿ, ಬಂದ ವೋಲ್ಟೇಜನ್ನು ಹದ ಮಾಡಿ ಎರಡನೇ ಬ್ಯಾಟರಿಗೆ ತುಂಬುವ ಡಿಸಿ-ಡಿಸಿ ಚಾರ್ಜರ್ ಹಾಕುವುದೇ ಸರಿ.

ಕಿತ್ತ ಹಳೆಯ ವೈರನ್ನು ಎಸೆಯಲಿಲ್ಲ. ಈಗ ಅದು ಹಿಂಬಾಗಿಲ 5 ವಾಟಿನ ಎಲ್‌ಇಡಿ ದೀಪಕ್ಕೆ ಹೋಗಿದೆ. ಅಲ್ಲಿ ಅದು ನುಂಗುವುದು 0.05 ವೋಲ್ಟ್.