ಹಳೆಯ ಟಾರ್ಚಿಗೆ ಎಲ್‌ಇಡಿ ಹಾಕಿಸುವ ಮುನ್ನ

ಮಳೆಗಾಲ ಹತ್ತಿರ ಬಂದಂತೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಅಟ್ಟ ಸೇರಿದ್ದ ಹಳೆಯ ಟಾರ್ಚುಗಳು ಕೆಳಗಿಳಿಯುತ್ತವೆ. ಗಾಳಿಗೆ ಮರ ಬಿದ್ದು ಲೈನ್ ಕಡಿದರೆ ಕರೆಂಟು ದಿನಗಟ್ಟಲೆ ಬಾರದಿರುವುದು ಇಲ್ಲಿ ಹೊಸತೇನಲ್ಲ. ದುರಸ್ತಿಗೆ ತರುವವರು ಸಾಮಾನ್ಯವಾಗಿ ಕೇಳುವುದು ಬಲ್ಬ್ ತೆಗೆದು ಎಲ್‌ಇಡಿ ಹಾಕಿಕೊಡಿ ಎಂದು. ಹಿತ್ತಾಳೆಯ ಅಥವಾ ದಪ್ಪ ತಗಡಿನ ಟಾರ್ಚಾದರೆ ಆ ಖರ್ಚು ಖಂಡಿತ ಸಾರ್ಥಕ. ಆದರೆ ಹೊಸ ಬಲ್ಬಿನ ಬುಡ ಹೋಲ್ಡರಿನಲ್ಲಿ ಸರಿಯಾಗಿ ಕೂತ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸೆಲ್ ಕೊಡುವ ವೋಲ್ಟೇಜಿಗೂ ಎಲ್‌ಇಡಿ ಬೇಡುವ ವೋಲ್ಟೇಜಿಗೂ ಹೊಂದಿಕೆಯಾಗುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

ತಂತುವಿನ ಬಲ್ಬು ವೋಲ್ಟೇಜ್ ಇಳಿದಾಗ ಹಳದಿಯಾಗಿ, ಆಮೇಲೆ ಕೆಂಪಾಗಿ, ಹೇಗೋ ಉರಿಯುತ್ತಲೇ ಇರುತ್ತದೆ. ಎಲ್‌ಇಡಿಯ ಸ್ವಭಾವ ಬೇರೆ. ನಾವು ಬಿಳಿ ಎನ್ನುವ ಎಲ್‌ಇಡಿಯ ಒಳಗಿರುವುದು ನೀಲಿ ಬೆಳಕಿನ ಚಿಪ್; ಅದರ ಮೇಲಿನ ಹಳದಿ ಲೇಪನದಿಂದಾಗಿ ಬೆಳಕು ಬಿಳಿಯಾಗಿ ಕಾಣುತ್ತದೆ. ಈ ನೀಲಿ ಚಿಪ್ಪನ್ನು ಸಾಧ್ಯವಾಗಿಸಿದ ಅಕಸಾಕಿ, ಅಮಾನೊ ಮತ್ತು ನಕಮುರ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದಿತು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕಾದರೆ, ನೀಲಿ ಬೆಳಕಿಗೆ ಹೆಚ್ಚು ಶಕ್ತಿ ಬೇಕಾದ ಕಾರಣ ಬಿಳಿಯದಕ್ಕೆ 3 ವೋಲ್ಟಿನ ಆಸುಪಾಸು ಬೇಕು. ಎರಡು ಹೊಸ ಸೆಲ್‌ಗಳಿಂದ ಸಿಗುವುದು ಸುಮಾರು 3 ವೋಲ್ಟ್, ಅದೂ ಆರಂಭದಲ್ಲಿ ಮಾತ್ರ. ಆದ್ದರಿಂದ ಬರೀ ಎಲ್‌ಇಡಿ ಕೂರಿಸಿದರೆ ಸೆಲ್‌ನಲ್ಲಿ ಇನ್ನೂ ಸಾಕಷ್ಟು ಜೀವ ಇರುವಾಗಲೇ ಬೆಳಕು ಮಂಕಾಗುತ್ತದೆ. ಎರಡು ಸೆಲ್‌ನ ಟಾರ್ಚಿಗೆ, ವೋಲ್ಟೇಜ್ ಏರಿಸುವ ಪುಟ್ಟ ಸರ್ಕ್ಯೂಟ್ ಬುಡದಲ್ಲೇ ಇರುವ ಬಲ್ಬನ್ನೇ ಕೇಳಿ ತನ್ನಿ. ಅದರ ಪೊಟ್ಟಣದ ಮೇಲೆ 1ರಿಂದ 3 ವೋಲ್ಟ್ ಎಂಬಂಥ ವ್ಯಾಪ್ತಿ ನಮೂದಾಗಿರುತ್ತದೆ.

ಚಾರ್ಜ್ ಮಾಡುವ 4 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಯ ಟಾರ್ಚಿನಲ್ಲಿ ತೊಂದರೆ ಇದಕ್ಕೆ ವಿರುದ್ಧವಾದದ್ದು. ಪೂರ್ತಿ ಚಾರ್ಜ್ ಆದ ಬ್ಯಾಟರಿ 4.3 ವೋಲ್ಟ್ ತೋರಿಸುತ್ತದೆ, 1 ವ್ಯಾಟಿನ ಎಲ್‌ಇಡಿಗೆ 3.2 ಸಾಕು. ನೇರವಾಗಿ ಜೋಡಿಸಿದರೆ ಕರೆಂಟು ಮಿತಿಮೀರಿ ಹರಿದು ಚಿಪ್ ಸುಟ್ಟುಹೋಗುತ್ತದೆ. ಉಳಿದ 1.1 ವೋಲ್ಟನ್ನು ತಡೆಯಲು ನಾನು 3.9 ಓಮಿನ, 1 ವ್ಯಾಟಿನ ರೆಸಿಸ್ಟರ್ ಬೆಸೆಯುತ್ತೇನೆ; ಆಗ ಹರಿಯುವ ಕರೆಂಟು 0.28 ಆಂಪಿಯರ್ ಮಾತ್ರ. ಚಾರ್ಜಿಗೆ ಹಾಕಿದಾಗ ವೋಲ್ಟೇಜ್ ಇನ್ನೂ ಏರುವುದರಿಂದ ಆ ಹೊತ್ತಿನಲ್ಲಿ ಟಾರ್ಚ್ ಉರಿಸಬಾರದು.

ಬೆಳಕು ದೂರ ಹೋಗುವುದಿಲ್ಲ ಎಂಬ ದೂರು ಬಹಳ ಇದೆ. ತಂತು ಸುತ್ತಲೂ ಬೆಳಕು ಚೆಲ್ಲುತ್ತದೆ, ರಿಫ್ಲೆಕ್ಟರ್ ಅದನ್ನು ಒಟ್ಟುಗೂಡಿಸಿ ಮುಂದಕ್ಕೆ ಕಳಿಸುತ್ತದೆ. ಎಲ್‌ಇಡಿಯ ಬೆಳಕಾದರೋ ಹೆಚ್ಚಾಗಿ ಎದುರಿಗೇ ಹರಡುವುದರಿಂದ ಬಹುಪಾಲು ರಿಫ್ಲೆಕ್ಟರನ್ನು ಮುಟ್ಟುವುದೇ ಇಲ್ಲ. ಅಂಗಳ ದಾಟಿ ಕೊಟ್ಟಿಗೆಗೆ ಹೋಗಲು ಅಷ್ಟು ಸಾಕು, ಗದ್ದೆಯ ಆಚೆ ಅಂಚಿನಲ್ಲಿ ಹಂದಿ ಬಂದಿದೆಯೇ ಎಂದು ನೋಡಲು ಸಾಲದು. ಹಳೆಯ ಬಲ್ಬಿನ ತಂತು ಬುಡದ ಅಂಚಿನಿಂದ ಎಷ್ಟು ಎತ್ತರದಲ್ಲಿತ್ತೋ ಚಿಪ್ ಕೂಡ ಅಷ್ಟೇ ಎತ್ತರದಲ್ಲಿರಬೇಕು. ಕತ್ತಲಲ್ಲಿ ಗೋಡೆಗೆ ಬೆಳಕು ಬಿಟ್ಟು ನೋಡಿದಾಗ ನಡುವೆ ಕಪ್ಪು ಮಚ್ಚೆ, ಸುತ್ತ ಬೆಳಕಿನ ಬಳೆ ಕಂಡರೆ ಚಿಪ್ ತನ್ನ ಜಾಗ ತಪ್ಪಿದೆ ಎಂದರ್ಥ. ಟಾರ್ಚಿನ ತಲೆಯನ್ನು ತುಸುತುಸುವೇ ತಿರುಗಿಸುತ್ತ ಮಚ್ಚೆ ಅಳಿಯುವವರೆಗೂ ಹೊಂದಿಸಬೇಕು.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಬೆಳಕಿನ ಛಾಯೆಯನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ; 6500 ಕೆಲ್ವಿನ್ನಿನ ನೀಲಿ ಛಾಯೆಯ ಬೆಳಕು ಪ್ರಖರವೆನಿಸಿದರೂ ಅದರಲ್ಲಿ ಕೆಂಪಿನ ಅಂಶ ಕಡಿಮೆ. ತರಗೆಲೆಯ ಮೇಲೆ ಮಲಗಿದ ಕಂದು ಹಾವನ್ನು ಗುರುತಿಸಬೇಕಾದ ನಮ್ಮ ತೋಟಗಳಿಗೆ ಹಳದಿಯತ್ತ ವಾಲುವ, 3000ದಿಂದ 4000 ಕೆಲ್ವಿನ್ ಒಳಗಿನದ್ದೇ ಸೂಕ್ತ.

ತಂತುವಿನ ಬಲ್ಬಿಗೆ ಪ್ಲಸ್, ಮೈನಸ್ ಭೇದವಿರಲಿಲ್ಲ, ಎಲ್‌ಇಡಿಗೆ ಇದೆ. ಹೆಚ್ಚಿನವುಗಳಲ್ಲಿ ಬುಡದ ನಡುವಿನ ತುದಿ ಪ್ಲಸ್ ಆಗಿರುವುದರಿಂದ ಹೋಲ್ಡರಿನಲ್ಲೂ ಹಾಗೇ ಇದೆಯೇ ಎಂದು ಮಲ್ಟಿಮೀಟರ್ ಹಿಡಿದು ನೋಡಿಯೇ ಕೂರಿಸಿ.

ಇಷ್ಟಾದ ಮೇಲೂ ಬೆಳಕು ಮಂಕಾಗಿದ್ದರೆ ಕಾರಣ ಬಹುಮಟ್ಟಿಗೆ ಕಿಲುಬು. ಮಲೆನಾಡಿನ ತೇವಕ್ಕೆ ಸ್ಪ್ರಿಂಗು, ಸ್ವಿಚ್ಚಿನ ಹಿತ್ತಾಳೆ ಪಟ್ಟಿ ಎರಡೂ ಹಸಿರುಗಟ್ಟುತ್ತವೆ. ಟಾರ್ಚ್ ಉರಿಯುತ್ತಿರುವಾಗ ಸೆಲ್‌ಗಳ ಎರಡು ತುದಿಗಳ ನಡುವೆ ಒಮ್ಮೆ, ಬಲ್ಬಿನ ಬುಡದಲ್ಲಿ ಒಮ್ಮೆ ವೋಲ್ಟೇಜ್ ಅಳೆದು, ವ್ಯತ್ಯಾಸ 0.2 ವೋಲ್ಟ್ ಮೀರಿದ್ದರೆ ಸಂಪರ್ಕದ ಜಾಗಗಳನ್ನೆಲ್ಲ ನಯವಾದ ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ವ್ಯಾಸಲೀನನ್ನು ತೆಳ್ಳಗೆ ಸವರಬೇಕು. ಬಳಸದ ತಿಂಗಳುಗಳಲ್ಲಿ ಸೆಲ್ ಹೊರತೆಗೆದಿಡಿ, ಇಲ್ಲವಾದರೆ ಅದು ಸೋರಿ ಟಾರ್ಚಿನ ಒಳಮೈಯನ್ನೇ ತಿಂದುಹಾಕುತ್ತದೆ.