ದಾಖಲೆಯಿಲ್ಲದ ದಿನವೂ ಚಾರ್ಟಿನಲ್ಲಿರಬೇಕು

ಡೇಟಾಬೇಸ್ ಕೊಟ್ಟ ಉತ್ತರವನ್ನು ಜೇಸನ್ ಎಂಬ ಪಠ್ಯರೂಪಕ್ಕೆ ತಂದು, ಜಾಲಪುಟದಲ್ಲಿ ಚಾರ್ಟ್ ಬಿಡಿಸುವ ಚಾರ್ಟ್.ಜೆಎಸ್ ಲೈಬ್ರರಿಗೆ ಒಪ್ಪಿಸುವ ಕೆಲಸವನ್ನು ನಾನಿಲ್ಲಿ ವಿವರಿಸುವುದಿಲ್ಲ. ನನ್ನ ಕಳವಳವಿರುವುದು ಒಂದೇ ಸಂಗತಿಯ ಬಗ್ಗೆ. ದಾಖಲೆಗಳನ್ನು ಗುಂಪುಗೂಡಿಸುವ ‘ಗ್ರೂಪ್ ಬೈ’ ಬಳಸಿ ದಿನವಾರು ಲೆಕ್ಕ ಕೇಳಿದಾಗ, ಒಂದೂ ದಾಖಲೆಯಿಲ್ಲದ ದಿನಕ್ಕೆ ಡೇಟಾಬೇಸ್ ಸಾಲನ್ನೇ ಕೊಡುವುದಿಲ್ಲ. ಬಂದ ಸಾಲುಗಳನ್ನಷ್ಟೇ ಅಡ್ಡ ಅಕ್ಷದ ಲೇಬಲ್‌ಗಳಾಗಿ ಕೊಟ್ಟರೆ ಚಾರ್ಟ್ 3ನೇ ತಾರೀಕಿನ ಪಕ್ಕದಲ್ಲೇ 8ನೆಯದನ್ನು ಕೂರಿಸಿ, ನಡುವೆ ಏನೂ ಆಗಿಲ್ಲವೆಂಬಂತೆ ಗೆರೆ ಎಳೆಯುತ್ತದೆ.

ಮಲೆನಾಡಿನ ಅಡಿಕೆ ಬೆಳೆಗಾರರ ಗುಂಪೊಂದು, ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8.30ಕ್ಕೆ ಅಳೆದ ಮಳೆಯನ್ನು ತನ್ನ ಜಾಲತಾಣದಲ್ಲಿ ಇಂಥದೇ ಗೆರೆಯಾಗಿ ತೋರಿಸುತ್ತಿತ್ತು. ಅದನ್ನು ನೋಡಿದ ಹಿರಿಯರೊಬ್ಬರು, “ಜುಲೈಯಲ್ಲಿ ನಾಲ್ಕು ದಿನ ಹೊಳವಾಗಿತ್ತಲ್ಲ ಮಾರಾಯ್ರೇ, ಅದು ಇದರಲ್ಲಿ ಎಲ್ಲಿದೆ?” ಎಂದು ಕೇಳಿದರು. ಹೊಳವು ಎಂದರೆ ಮಳೆಯ ನಡುವಿನ ಬಿಡುವು. ತೋಟದವರ ಇಂಥ ಪ್ರಶ್ನೆಗಳ ಮೇಲೆ ನನಗೆ ಅಪಾರ ಗೌರವವಿದೆ.

ಪರಿಹಾರವೆಂದರೆ ಎಡಗಡೆಗೆ ಪಂಚಾಂಗವನ್ನಿಟ್ಟು, ಅಂದರೆ ಎಲ್ಲ ದಿನಾಂಕಗಳ ಪಟ್ಟಿಯನ್ನಿಟ್ಟು, ಅದಕ್ಕೆ ದಾಖಲೆಗಳನ್ನು ‘ಲೆಫ್ಟ್ ಜಾಯಿನ್’ ಮಾಡುವುದು, ಎಂದರೆ ಜೋಡಿ ಸಿಗದಿದ್ದರೂ ಎಡಗಡೆಯ ಸಾಲು ಉಳಿಯುವಂತೆ ಜೋಡಿಸುವುದು. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ‘ಜನರೇಟ್ ಸೀರೀಸ್’ ಈ ಪಟ್ಟಿಯನ್ನು ಕೊಡುತ್ತದೆ, ಮೈಎಸ್‌ಕ್ಯೂಎಲ್‌ನಲ್ಲಿ 8.0ನೇ ಆವೃತ್ತಿಯಿಂದ ಅದಕ್ಕೆ ‘ವಿತ್ ರಿಕರ್ಸಿವ್’ ಇದೆ. ಯಾವ ಮಳೆಮಾಪಕ ಎಂಬ ಷರತ್ತನ್ನು ಮಾತ್ರ ಜೋಡಣೆಯ ನಿಯಮವಿರುವ ‘ಆನ್’ ಭಾಗದಲ್ಲೇ ಬರೆಯಬೇಕು. ಜೋಡಣೆಯ ನಂತರ ಸಾಲುಗಳನ್ನು ಸೋಸುವ ‘ವೇರ್’ಗೆ ತಂದರೆ ಜೋಡಿ ಸಿಗದ ದಿನಗಳೆಲ್ಲ ಮತ್ತೆ ಉದುರಿಹೋಗುತ್ತವೆ. ದಾಖಲೆಗಳನ್ನು ಎಣಿಸುವವರು ‘ಕೌಂಟ್’ ಒಳಗೆ ನಕ್ಷತ್ರ ಚಿಹ್ನೆ ಹಾಕಿದರೆ ಬರಿದಾದ ದಿನಕ್ಕೂ 1 ಬರುತ್ತದೆ. ಬಲಗಡೆಯ ಟೇಬಲ್ಲಿನ ಕಾಲಂ ಒಂದನ್ನು ಹೆಸರಿಸಿ ಎಣಿಸಬೇಕು.

ಇಷ್ಟು ಹೇಳಿದ ಕೂಡಲೇ ಬಹುತೇಕರು ಖಾಲಿ ಜಾಗಗಳಿಗೆಲ್ಲ ‘ಕೋಅಲೆಸ್’ನಿಂದ ಸೊನ್ನೆ ತುಂಬಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಂಗಡಿಯ ಬಿಲ್ಲುಗಳ ಎಣಿಕೆಗೆ ಸಾಮಾನ್ಯವಾಗಿ ಸೊನ್ನೆ ಸರಿ, ಅಳತೆಗೆ ಸರಿಯಲ್ಲ. ಆ ಗುಂಪಿನ ದಾಖಲೆಯಲ್ಲಿ ಮಳೆ ಬಾರದ ದಿನಗಳೂ ಖಾಲಿ ಇದ್ದವು, ಅಳೆಯುವವರು ಮದುವೆಗೆಂದು ಊರಿಗೆ ಹೋಗಿದ್ದ ದಿನಗಳೂ ಖಾಲಿ ಇದ್ದವು. ಎರಡಕ್ಕೂ ಸೊನ್ನೆ ಬರೆದರೆ, ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಗೆ ಹೊಳವು ಹುಡುಕುವ ಬೆಳೆಗಾರನಿಗೆ ಸುಳ್ಳು ಹೇಳಿದಂತಾಗುತ್ತದೆ. ಗೊತ್ತಿಲ್ಲದ್ದು ‘ನಲ್’ (ಬೆಲೆಯೇ ಇಲ್ಲವೆಂಬ ಗುರುತು) ಆಗಿಯೇ ಇರಲಿ. ಚಾರ್ಟ್.ಜೆಎಸ್ ಅಲ್ಲಿ ತಾನಾಗಿ ಗೆರೆ ಕಡಿಯುತ್ತದೆ. ನೋಟಕ್ಕೆ ಚೆನ್ನಾಗಿಲ್ಲವೆಂದು ‘ಸ್ಪ್ಯಾನ್‌ಗ್ಯಾಪ್ಸ್’ ಎಂಬ ಆಯ್ಕೆ ಹಾಕಿ ಅದನ್ನು ಬೆಸೆಯುವುದು ನನಗೆ ಒಪ್ಪಿಗೆಯಿಲ್ಲ. ದಿನವಾರು ಮಳೆಗಂತೂ ಗೆರೆಗಿಂತ ಕಂಬಗಳೇ ಮೇಲು. ಆದರೆ ಕಂಬಗಳಲ್ಲಿ ಸೊನ್ನೆಯೂ ನಲ್ಲೂ ಒಂದೇ ರೀತಿ ಕಾಣುವುದರಿಂದ, ಅಳೆಯದ ದಿನಕ್ಕೆ ಬೂದು ಗುರುತನ್ನು ಪ್ರತ್ಯೇಕವಾಗಿ ಹಾಕಬೇಕು.

ಯಾವ ಖಾಲಿ ಯಾವ ಬಗೆಯದೆಂದು ಕ್ವೆರಿ ಹೇಳಲಾರದು. ದಾಖಲೆ ಬರೆಯುವವರನ್ನೇ ಕೇಳಬೇಕು. ಆ ಗುಂಪಿನವರ ಫಾರ್ಮಿನಲ್ಲಿ ಈಗ ‘ಮಳೆಯಿಲ್ಲ’ ಎಂಬ ಗುಂಡಿಯಿದ್ದು, ಅದನ್ನೊತ್ತಿದರೆ 0 ದಾಖಲಾಗುತ್ತದೆ. ಹಳೆಯ ಖಾಲಿಗಳಲ್ಲಿ ತಮ್ಮ ನೋಟ್‌ಬುಕ್‌ನಿಂದ ಖಚಿತವಾದಷ್ಟನ್ನು ಅವರೇ ತುಂಬಿದ್ದಾರೆ. ಉಳಿದವು ನಲ್ ಆಗಿಯೇ ಇವೆ.